ಕಳಿಸದೆ ತಲುಪುವ ದನಿ

ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶ ಬಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಕಳಿಸಿದವರ ಹತ್ತಿರ ನಮ್ಮ ನಂಬರ್ ಇದೆ, ಅವರು ಒತ್ತಿದರು, ನಮಗೆ ಬಂತು. ಪಾಡ್‌ಕಾಸ್ಟ್ ಹಾಗಲ್ಲ.

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಯುವತಿ, ಕೆರೆಯ ನೀರು ಹಂಚುತ್ತಿದ್ದ ತನ್ನೂರಿನ ಹಿರಿಯ ನೀರುಗಂಟಿಯನ್ನು ಮಾತಾಡಿಸುತ್ತಾಳೆ ಎಂದುಕೊಳ್ಳೋಣ. ಕೆರೆಯ ತೂಬನ್ನು ಯಾವಾಗ ಎತ್ತುತ್ತಿದ್ದರು, ಯಾವ ಗದ್ದೆಗೆ ಮೊದಲು ನೀರು, ಕೋಡಿ ಹರಿದ ವರ್ಷ ಊರಲ್ಲಿ ಏನೇನು ನಡೆಯಿತು ಎಂದೆಲ್ಲ ಕೇಳಿ 20 ನಿಮಿಷದ ಮಾತುಕತೆಯನ್ನು ಮುದ್ರಿಸಿಕೊಳ್ಳುತ್ತಾಳೆ. ಅದೇ ಅವಳ ಮೊದಲ ಕಂತು. ಅದನ್ನು ತನ್ನ ವೆಬ್‌ಸೈಟಿಗೆ ಏರಿಸುತ್ತಾಳೆ. ಹೇಗೋ ಅದು ಕಿವಿಗೆ ಬಿದ್ದ ಕೆಲವರು ಇಷ್ಟಪಟ್ಟು, ತಮ್ಮ ಫೋನಿನ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ 'ಫಾಲೋ' ಒತ್ತುತ್ತಾರೆ. ತಿಂಗಳು ಕಳೆದ ಮೇಲೆ ಅವಳು ಎರಡನೆಯ ಕಂತನ್ನು ಏರಿಸಿ ಮಲಗುತ್ತಾಳೆ. ಬೆಳಿಗ್ಗೆ ಮಾಲೂರಿನಲ್ಲಿ ಬೆಂಗಳೂರಿನ ರೈಲು ಹತ್ತಿದವರ ಫೋನಿನಲ್ಲಿ ಆ ಕಂತು ಆಗಲೇ ಬಂದಿರುತ್ತದೆ. ಕೊಲ್ಲಿ ದೇಶದಲ್ಲಿ ಕೆಲಸಕ್ಕಿರುವ ಶ್ರೀನಿವಾಸಪುರದವರ ಫೋನಿನಲ್ಲೂ ಬಂದಿರುತ್ತದೆ.

ಅವಳ ಹತ್ತಿರ ಇವರ ನಂಬರ್ ಇಲ್ಲ, ಇಮೇಲ್ ಇಲ್ಲ, ಹೆಸರೂ ಗೊತ್ತಿಲ್ಲ. ಅವಳು ಯಾರಿಗೂ ಏನನ್ನೂ ಕಳಿಸಿಲ್ಲ. ಹಾಗಾದರೆ ಹೊಸ ಕಂತು ಬಂದಿದೆ ಎಂದು ಅಷ್ಟು ದೂರದ ಫೋನಿಗೆ ಹೇಳಿದವರು ಯಾರು?

ಈ ಪ್ರಶ್ನೆಯ ಉತ್ತರ ಗೊತ್ತಾದರೆ, ಜಾಲದಲ್ಲಿ ಪ್ರಕಟಿಸುವುದು ಎಂದರೇನು ಎಂಬುದೂ ಗೊತ್ತಾಗುತ್ತದೆ. ಅದಕ್ಕೆ ಮೊದಲು, ಇದೇ ಜಿಲ್ಲೆಯಲ್ಲಿ ಊರಿನ ದನಿಯನ್ನು ಊರಿಗೆ ತಲುಪಿಸಲು ಜನ ಪಟ್ಟ ಪಾಡನ್ನು ನೋಡೋಣ.

ಬೂದಿಕೋಟೆಯ ತಂತಿ

ಬಾನುಲಿಯನ್ನು ಒಬ್ಬ ವ್ಯಕ್ತಿ ತನ್ನ ಮನೆಯಿಂದಲೇ ನಡೆಸಿದ ಉದಾಹರಣೆ ಕರ್ನಾಟಕದಲ್ಲಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟ್‌ನ ಪುಟ್ಟ ಪ್ರಸಾರಯಂತ್ರ ಇಟ್ಟು ಕೇಂದ್ರ ಶುರುಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ದೇಶದ ಬಾನುಲಿಗೇ ಆ ಹೆಸರಾಯಿತು. ಆದರೆ ಸ್ವತಂತ್ರ ಭಾರತದಲ್ಲಿ ದಶಕಗಳ ಕಾಲ ಪ್ರಸಾರ ಸರ್ಕಾರದ ಕೈಯಲ್ಲೇ ಉಳಿಯಿತು.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಬಾನುಲಿ ಅಲೆಗಳು ಸಾರ್ವಜನಿಕ ಆಸ್ತಿ ಎಂದಿತು. ಹಾಗೆಂದ ಮಾತ್ರಕ್ಕೆ ಹಳ್ಳಿಯವರ ಕೈಗೆ ಪರವಾನಗಿ ಬರಲಿಲ್ಲ. ಅಂಥ ಕಾಲದಲ್ಲಿ, 2001ರ ಸುಮಾರಿಗೆ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಹುಟ್ಟಿತು. ಹೈದರಾಲಿ ಹುಟ್ಟಿದ ಊರು ಎಂದು ನಾವು ಓದಿರುವ ಬೂದಿಕೋಟೆಯೇ ಅದು. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಅಲ್ಲೊಂದು ಧ್ವನಿಮುದ್ರಣ ಕೇಂದ್ರ ಕಟ್ಟಿದವು. ಸ್ವಸಹಾಯ ಸಂಘಗಳ ಹೆಂಗಸರು, ಊರಿನ ಯುವಕರು ಕಾರ್ಯಕ್ರಮ ತಯಾರಿಸಲು ಕಲಿತರು. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲವಾದ್ದರಿಂದ ಕ್ಯಾಸೆಟ್‌ಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. ಆಮೇಲೆ ಟಿ.ವಿ. ಕೇಬಲ್ ತಂತಿಯಲ್ಲೇ ದನಿ ಹರಿಸಿ ಮನೆಮನೆಗೆ ಮುಟ್ಟಿಸಿದರು. ಅಲೆಗೆ ಪರವಾನಗಿ ಬೇಕು, ಆದರೆ ಊರೊಳಗಿನ ಕೇಬಲ್ಲಿಗೆ ಆ ಕಟ್ಟು ಅನ್ವಯಿಸಲಿಲ್ಲ. ಈ ಒಂದು ಸಂದಿನಲ್ಲಿ ಅವರು ದಾರಿ ಮಾಡಿಕೊಂಡರು. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಬಹುದು ಎಂದು ಕೇಂದ್ರ ಸರ್ಕಾರ ಒಪ್ಪಿದ್ದು 2006ರ ನವೆಂಬರಿನಲ್ಲಿ.

ಪರವಾನಗಿಯ ಹಿಂದೆ ಒಂದು ಭೌತಿಕ ಕಾರಣವೂ ಇದೆ. ಅಕ್ಕಪಕ್ಕದ ಎರಡು ಕೇಂದ್ರಗಳು ಒಂದೇ ತರಂಗಾಂತರದಲ್ಲಿ ಮಾತಾಡಿದರೆ ಎರಡೂ ಕಲಸಿಹೋಗುತ್ತವೆ. ಎಫ್.ಎಂ.ಗೆ ಮೀಸಲಾದ ಜಾಗ ಕಡಿಮೆ, ಆದ್ದರಿಂದ ಯಾರಾದರೂ ಅದನ್ನು ಹಂಚಲೇಬೇಕು. ಜೊತೆಗೆ ಎಫ್.ಎಂ. ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಅನುಮತಿ ಇರುವುದು 100 ವ್ಯಾಟ್ ಶಕ್ತಿಗೆ, 30 ಮೀಟರ್ ಎತ್ತರದ ಗೋಪುರಕ್ಕೆ. ಅದು ಸುಮಾರು 10-15 ಕಿಲೋಮೀಟರ್ ದೂರಕ್ಕೆ ಸಾಕು. ಕೋಲಾರದಲ್ಲಿ ಅಂಥ ಗೋಪುರ ನಿಲ್ಲಿಸಿದರೆ 30 ಕಿಲೋಮೀಟರ್ ಆಚೆಯ ಮುಳಬಾಗಿಲಿಗೆ ಕೇಳುವುದು ಕಷ್ಟ. ಕೇಳುವ ಜಾಗದಲ್ಲಿದ್ದವರೂ ಆ ಹೊತ್ತಿಗೇ ಕಿವಿಗೊಡಬೇಕು. ಹಾಲು ಕರೆಯುವ ಹೊತ್ತಲ್ಲಿ ಕಾರ್ಯಕ್ರಮ ಬಂದರೆ ಅದು ಹೋದಂತೆಯೇ.

ಜಾಲದಲ್ಲಿ ಜಾಗದ ಈ ಅಭಾವ ಇಲ್ಲ. ಅಲ್ಲಿ ಪ್ರತಿ ಕಡತಕ್ಕೂ ತನ್ನದೇ ವಿಳಾಸ. ಒಬ್ಬರ ಕಂತು ಇನ್ನೊಬ್ಬರ ಕಂತಿಗೆ ಡಿಕ್ಕಿ ಹೊಡೆಯುವುದಿಲ್ಲ. ಆದರೆ ಅಲ್ಲಿ ಇನ್ನೊಂದು ತೊಡಕು ಎದುರಾಯಿತು: ದನಿ ತುಂಬ ಭಾರ.

ದನಿಯ ತೂಕ ಇಳಿಸಿದ್ದು

ಮೈಕಿನ ಮುಂದೆ ಮಾತಾಡಿದಾಗ ಗಾಳಿಯ ಒತ್ತಡ ಏರಿಳಿಯುತ್ತದೆ. ಕಂಪ್ಯೂಟರ್ ಆ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಇಷ್ಟು ಸಲ ಅಳೆಯಲು ಕಾರಣ ನಮ್ಮ ಕಿವಿ. ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ದನಿ ಮನುಷ್ಯರಿಗೆ ಕೇಳುತ್ತದೆ. ಒಂದು ಕಂಪನವನ್ನು ಹಿಡಿಯಬೇಕಾದರೆ ಅದರ ಏರನ್ನೊಮ್ಮೆ, ಇಳಿವನ್ನೊಮ್ಮೆ, ಕನಿಷ್ಠ ಎರಡು ಸಲ ಅಳೆಯಬೇಕು. ಎರಡು ಪಟ್ಟಿಗೆ ಸ್ವಲ್ಪ ಹೆಚ್ಚು ಸೇರಿಸಿದರೆ 44,100.

ಸಿ.ಡಿ. ಗುಣಮಟ್ಟದಲ್ಲಿ ಎಡ, ಬಲ ಎರಡೂ ಕಿವಿಗೆ ಹೀಗೆ ಬರೆಯುತ್ತ ಹೋದರೆ ನಿಮಿಷಕ್ಕೆ 10 ಎಂ.ಬಿ.ಗಿಂತ ಹೆಚ್ಚಾಗುತ್ತದೆ. ನೀರುಗಂಟಿಯ 20 ನಿಮಿಷದ ಮಾತು 210 ಎಂ.ಬಿ. ದಾಟುತ್ತದೆ. ಅಷ್ಟನ್ನು ಹಳ್ಳಿಯ ನೆಟ್‌ವರ್ಕ್‌ನಲ್ಲಿ ಏರಿಸಲೂ ಕಷ್ಟ, ಇಳಿಸಿಕೊಳ್ಳಲೂ ಕಷ್ಟ.

ಇದಕ್ಕೆ ಪರಿಹಾರ ಕೊಟ್ಟಿದ್ದು ನಮ್ಮ ಕಿವಿಯ ಒಂದು ಸ್ವಭಾವ. ಜೋರು ದನಿಯೊಂದು ಕೇಳುತ್ತಿರುವಾಗ, ಅದರ ಸ್ಥಾಯಿಗೆ ಹತ್ತಿರದ ಮೆಲುದನಿ ನಮಗೆ ಕೇಳಿಸುವುದೇ ಇಲ್ಲ. ಜೋರು ದನಿ ನಿಂತ ಮರುಕ್ಷಣವೂ ಅದು ಕೇಳಿಸುವುದಿಲ್ಲ. ಇದನ್ನು ದನಿಮರೆ ಎನ್ನೋಣ. ವಿಜ್ಞಾನಿಗಳು ಮಾಸ್ಕಿಂಗ್ ಎನ್ನುತ್ತಾರೆ. ಕೇಳಿಸದೇ ಇರುವುದನ್ನು ಬರೆದಿಡುವುದೇಕೆ? ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಇದೇ ದಾರಿಯಲ್ಲಿ ವರ್ಷಗಟ್ಟಲೆ ದುಡಿದರು. ಅಂಥ ಕಡತಗಳಿಗೆ ಎಂಪಿ3 ಎಂಬ ಬಾಲ ಅಂಟಿದ್ದು 1995ರ ಜುಲೈಯಲ್ಲಿ. ಮರೆಯಾಗುವ ದನಿಗಳಿಗೆ ಕಡಿಮೆ ಅಂಕಿ, ಎದ್ದು ಕೇಳುವವಕ್ಕೆ ಹೆಚ್ಚು ಅಂಕಿ ಕೊಡುವುದು ಅದರ ರೀತಿ. ಮಾತಿಗೆ ಒಂದೇ ಕಿವಿಯ ಮುದ್ರಣ ಸಾಕು. ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ಅದೇ 20 ನಿಮಿಷ ಸುಮಾರು ಒಂಬತ್ತೂವರೆ ಎಂ.ಬಿ.ಗೆ ಇಳಿಯುತ್ತದೆ. 2017ರಲ್ಲಿ ಎಂಪಿ3ಯ ಪೇಟೆಂಟ್ ಪರವಾನಗಿಯೂ ಕೊನೆಗೊಂಡಿದ್ದರಿಂದ ಅದನ್ನು ಬಳಸಲು ಯಾರಿಗೂ ಹಣ ಕೊಡಬೇಕಿಲ್ಲ.

ಮೊದಲ ಕಂತು ಮುದ್ರಿಸುವವರಿಗೆ ಎಂಪಿ3ಯ ಈ ರೀತಿಯಲ್ಲಿ ಒಂದು ಪಾಠವಿದೆ. ಸಿಮೆಂಟ್ ಗೋಡೆಯ ಖಾಲಿ ಕೋಣೆಯಲ್ಲಿ ಮಾತಾಡಿದರೆ ಪ್ರತಿಧ್ವನಿಯೂ ಫ್ಯಾನಿನ ಸದ್ದೂ ಕಡತದೊಳಗೆ ಸೇರುತ್ತವೆ. ಎಂಪಿ3 ಅವಕ್ಕೂ ಅಂಕಿ ಖರ್ಚು ಮಾಡಬೇಕಾಗುತ್ತದೆ, ಮಾತಿಗೆ ಉಳಿಯುವುದು ಕಡಿಮೆ. ಬಟ್ಟೆ, ಹಾಸಿಗೆ ತುಂಬಿದ ಕೋಣೆಯಲ್ಲಿ ಕೂತು ಮೈಕನ್ನು ಬಾಯಿಗೆ ಹತ್ತಿರ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪುಟ ಇದ್ದರೆ ಸಾಲದು

ಕಡತ ಹಗುರವಾಯಿತು. ಅದನ್ನು ಸರ್ವರ್ ಎಂಬ, ಹಗಲೂ ರಾತ್ರಿ ಎಚ್ಚರವಿರುವ ಕಂಪ್ಯೂಟರಿಗೆ ಏರಿಸಿದ್ದಾಯಿತು. ವೆಬ್‌ಸೈಟಿನ ಪುಟದಲ್ಲಿ 'ಇಲ್ಲಿ ಕೇಳಿ' ಎಂಬ ಗುಂಡಿಯನ್ನೂ ಇಟ್ಟಾಯಿತು. ಇಷ್ಟಕ್ಕೇ ಕಂತು ಪ್ರಕಟವಾಯಿತು ಎಂದು ಅನೇಕರು ತಿಳಿಯುತ್ತಾರೆ. ಆ ಪುಟಕ್ಕೆ ಬಂದವರು ಕೇಳಬಹುದು, ನಿಜ. ಆದರೆ ಹೊಸದು ಬಂದಿದೆಯೇ ಎಂದು ನೋಡಲು ಕೇಳುಗರು ಪದೇಪದೇ ಬರಬೇಕು. ಎರಡು ಸಲ ಬಂದು ಏನೂ ಇಲ್ಲವೆಂದು ಕಂಡವರು ಮೂರನೆಯ ಸಲ ಬರುವುದಿಲ್ಲ.

ಈ ನೋಡಿ ಬರುವ ಕೆಲಸವನ್ನು ಯಂತ್ರಕ್ಕೆ ವಹಿಸಬಹುದಲ್ಲ? ವಹಿಸಬಹುದು, ಆದರೆ ಪುಟ ಇರುವುದು ಮನುಷ್ಯರ ಕಣ್ಣಿಗಾಗಿ. ಬಣ್ಣ, ಚಿತ್ರ, ಜಾಹೀರಾತುಗಳ ನಡುವೆ ಯಾವುದು ಕಂತು, ಯಾವುದು ಹಳೆಯದು, ಯಾವುದು ಹೊಸದು ಎಂದು ಯಂತ್ರಕ್ಕೆ ಖಚಿತವಾಗಿ ತಿಳಿಯದು. ಆದ್ದರಿಂದ ಪುಟದ ಜೊತೆಗೆ ಯಂತ್ರಕ್ಕೆಂದೇ ಒಂದು ಸರಳ ಪಟ್ಟಿ ಬೇಕಾಯಿತು. ಅದಕ್ಕೆ ಫೀಡ್ ಎಂದು ಹೆಸರು. ನಾವು ಕಂತುಪಟ್ಟಿ ಎನ್ನೋಣ.

ಸುದ್ದಿ ಮತ್ತು ಬರಹಗಳಿಗೆ ಇಂಥ ಪಟ್ಟಿಗಳು 1990ರ ದಶಕದ ಕೊನೆಗೇ ಇದ್ದವು, ಆದರೆ ದನಿಯ ಕಡತಕ್ಕೆ ಅವುಗಳಲ್ಲಿ ಜಾಗವಿರಲಿಲ್ಲ. ಅಮೆರಿಕದ ಆ್ಯಡಮ್ ಕರಿ ಟಿ.ವಿ. ನಿರೂಪಕರಾಗಿದ್ದವರು. ದನಿ ಮತ್ತು ವಿಡಿಯೊದ ದೊಡ್ಡ ಕಡತವನ್ನು ಒತ್ತಿ ಕಾಯುವುದೇ ದೊಡ್ಡ ಕಿರಿಕಿರಿ, ಯಾರೂ ಬಳಸದ ಹೊತ್ತಿನಲ್ಲಿ ಕಂಪ್ಯೂಟರೇ ಅದನ್ನು ಇಳಿಸಿಟ್ಟುಕೊಂಡರೆ ಕೇಳುಗರು ಕಾಯಬೇಕಿಲ್ಲ ಎಂಬುದು ಅವರ ಯೋಚನೆ. ಅದಕ್ಕೆ ಒಪ್ಪುವಂತೆ ತಂತ್ರಜ್ಞ ಡೇವ್ ವೈನರ್ 2000ದ ಕೊನೆಯಲ್ಲಿ, ಪಟ್ಟಿಯ ಪ್ರತಿ ನಮೂದಿಗೂ ಒಂದು ಕಡತವನ್ನು ಲಗತ್ತಿಸುವ ಏರ್ಪಾಡು ಸೇರಿಸಿದರು. ಪಾಡ್‌ಕಾಸ್ಟಿನ ಬೀಜ ಅದೇ. 2003ರಲ್ಲಿ ಪತ್ರಕರ್ತ ಕ್ರಿಸ್ಟೋಫರ್ ಲೈಡನ್ ಅವರ ಸಂದರ್ಶನಗಳು ಈ ದಾರಿಯಲ್ಲಿ ಹೊರಬಂದವು. 2005ರ ಜೂನ್‌ನಲ್ಲಿ ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದ ಮೇಲೆ ಅದು ಮನೆಮಾತಾಯಿತು. ಬೂದಿಕೋಟೆಯಲ್ಲಿ ತಂತಿಯ ಮೂಲಕ ದನಿ ಹರಿಯುತ್ತಿದ್ದ ವರ್ಷಗಳೂ ಇವೇ.

ಪಟ್ಟಿಯೊಳಗೆ ಏನಿದೆ?

ಕಂತುಪಟ್ಟಿ ಒಂದು ಸಾದಾ ಅಕ್ಷರ ಕಡತ. ದನಿ ಅದರೊಳಗಿಲ್ಲ, ದನಿ ಎಲ್ಲಿದೆ ಎಂಬ ವಿವರ ಅದರಲ್ಲಿದೆ. ಮೇಲುಗಡೆ ಕಾರ್ಯಕ್ರಮದ ಹೆಸರು, ಪರಿಚಯ, ಮುಖಚಿತ್ರದ ವಿಳಾಸ, ಭಾಷೆ ಇರುತ್ತವೆ. ಕನ್ನಡಕ್ಕೆ 'ಕೆ-ಎನ್', ತೆಲುಗಿಗೆ 'ಟಿ-ಇ' ಎಂಬ ಎರಡಕ್ಷರದ ಗುರುತುಗಳಿವೆ. ಒಂದೇ ವಾಕ್ಯದಲ್ಲಿ ಎರಡೂ ನುಡಿಗಳು ಓಡಾಡುವ ಮುಳಬಾಗಿಲು, ಶ್ರೀನಿವಾಸಪುರದ ಮಾತಿಗೆ ಪ್ರತ್ಯೇಕ ಗುರುತಿಲ್ಲ. ಹೆಚ್ಚು ಪಾಲು ಯಾವುದೋ ಅದನ್ನು ಬರೆದು, ಉಳಿದದ್ದನ್ನು ಪರಿಚಯದಲ್ಲಿ ಹೇಳಬೇಕು. ಹಾಗೆ ಹೇಳಿದರೆ ಗಡಿಯಾಚೆಯ ಪಲಮನೇರು, ಮದನಪಲ್ಲಿಯ ಕಡೆಯವರೂ ಇದು ತಮಗೆ ತಿಳಿಯುವ ಮಾತು ಎಂದು ಗುರುತಿಸಿಯಾರು.

ಅದರ ಕೆಳಗೆ ಒಂದೊಂದು ಕಂತಿಗೂ ಒಂದೊಂದು ನಮೂದು. ಶೀರ್ಷಿಕೆ, ವಿವರಣೆ, ಪ್ರಕಟವಾದ ದಿನ ಮತ್ತು ಗಂಟೆ ಅಲ್ಲಿರುತ್ತವೆ. ಭಾರತದ ಸಮಯವಾದರೆ ಗಂಟೆಯ ಮುಂದೆ +0530 ಎಂದು ಬರೆದಿರುತ್ತದೆ, ಏಕೆಂದರೆ ಕೇಳುಗರ ಗಡಿಯಾರ ಬೇರೆ ದೇಶದ್ದಿರಬಹುದು. ಲಗತ್ತಿನ ಸಾಲಿನಲ್ಲಿ ಮೂರು ಸಂಗತಿ: ದನಿಯ ಕಡತದ ಪೂರ್ತಿ ವಿಳಾಸ, ಅದರ ಗಾತ್ರ ಎಷ್ಟು ಬೈಟ್, ಅದು ಯಾವ ಬಗೆಯ ಕಡತ.

ಕೊನೆಯದಾಗಿ ಒಂದು ಗುರುತು, ಅಂದರೆ ಆ ಕಂತಿಗೆ ಮಾತ್ರ ಸೇರಿದ, ಬೇರಾವ ಕಂತಿಗೂ ಇರದ ಅಕ್ಷರ-ಅಂಕಿಗಳ ಸರಣಿ. ನೋಡಲು ಅರ್ಥವಿಲ್ಲದಂತೆ ಕಂಡರೂ ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಕೇಳುಗರ ಆ್ಯಪ್, ತಾನು ಈವರೆಗೆ ಕಂಡ ಗುರುತುಗಳನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಪಟ್ಟಿಯನ್ನು ಮತ್ತೆ ಓದಿದಾಗ, ತನ್ನ ನೆನಪಿನಲ್ಲಿ ಇಲ್ಲದ ಗುರುತು ಸಿಕ್ಕರೆ ಅದು ಹೊಸ ಕಂತು. ಶೀರ್ಷಿಕೆ ತಿದ್ದಿದರೂ, ವಿವರಣೆ ಬದಲಿಸಿದರೂ ಗುರುತು ಅದೇ ಇದ್ದರೆ ಅದು ಹಳೆಯದೇ. ಗುರುತುಗಳೆಲ್ಲ ಬದಲಾದರೆ ಹಳೆಯ ಕಂತುಗಳೆಲ್ಲ ಹೊಸದೆಂದು ಲೆಕ್ಕವಾಗಿ ಕೇಳುಗರ ಫೋನಿನಲ್ಲಿ ಎರಡೆರಡು ಸಲ ತುಂಬಿಕೊಳ್ಳುತ್ತವೆ. ಆದ್ದರಿಂದ ಒಮ್ಮೆ ಕೊಟ್ಟ ಗುರುತನ್ನು ಮುಟ್ಟಬಾರದು ಎಂಬುದು ಈ ಕೆಲಸದ ಮೊದಲ ನಿಯಮ.

ಡೇರಿ ಗಾಡಿ ಬರುವ ಹಾಗೆ

ಈಗ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು. ಹೊಸ ಕಂತು ಬಂದಿದೆ ಎಂದು ಫೋನಿಗೆ ಯಾರೂ ಹೇಳಲಿಲ್ಲ. ಆ್ಯಪ್ ತಾನೇ ಹೋಗಿ ಕೇಳಿತು.

ಕೋಲಾರ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳುವುದು ಸುಲಭ. ಹಾಲು ಕರೆದವರು ಬೆಂಗಳೂರಿನ ಒಂದೊಂದು ಮನೆಯ ಬಾಗಿಲಿಗೆ ಹೋಗಿ ಹಾಲು ಕೊಡುವುದಿಲ್ಲ. ಊರಿನ ಡೇರಿಗೆ ಹಾಕುತ್ತಾರೆ. ಹೊತ್ತಿಗೆ ಸರಿಯಾಗಿ ಗಾಡಿ ಬರುತ್ತದೆ, ಇದ್ದರೆ ಎತ್ತಿಕೊಂಡು, ಇಲ್ಲದಿದ್ದರೆ ಮುಂದಿನ ಊರಿಗೆ ಹೋಗುತ್ತದೆ. ಕುಡಿಯುವವರು ಯಾರೆಂದು ಕರೆದವರಿಗೆ ತಿಳಿಯಬೇಕಿಲ್ಲ. 'ಫಾಲೋ' ಒತ್ತುವುದು ಎಂದರೆ ಗಾಡಿಯ ದಾರಿಗೆ ಇನ್ನೊಂದು ಊರನ್ನು ಸೇರಿಸುವುದು. ಆ್ಯಪ್ ಅಥವಾ ಅದರ ಕಂಪನಿಯ ಸರ್ವರ್ ನಿಗದಿತ ಅಂತರದಲ್ಲಿ ಪ್ರತಿ ಕಂತುಪಟ್ಟಿಯ ವಿಳಾಸಕ್ಕೂ ಹೋಗಿ ವಿಚಾರಿಸಿಕೊಂಡು ಬರುತ್ತದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹಾಲನ್ನು ಒಬ್ಬರು ಒಯ್ದರೆ ಇನ್ನೊಬ್ಬರಿಗೆ ಇಲ್ಲ. ಕಂತಿನ ನಕಲನ್ನು ಎಷ್ಟು ಜನ ಒಯ್ದರೂ ಮೂಲ ಇದ್ದಲ್ಲೇ ಇರುತ್ತದೆ.

ಲಕ್ಷಾಂತರ ಪಟ್ಟಿಗಳನ್ನು ಹೀಗೆ ದಿನಕ್ಕೆ ಹಲವು ಸಲ ಓದಿದರೆ ಜಾಲ ಕುಸಿಯುವುದಿಲ್ಲವೇ? ಇದಕ್ಕೆ ಒಂದು ಚೊಕ್ಕ ಉಪಾಯವಿದೆ. ಆ್ಯಪ್ ಪೂರ್ತಿ ಪಟ್ಟಿಯನ್ನು ಕೇಳುವುದಿಲ್ಲ. 'ನಾನು ಹಿಂದೆ ಬಂದದ್ದು ಇಂಥ ಹೊತ್ತಿಗೆ, ಅಲ್ಲಿಂದೀಚೆಗೆ ಏನಾದರೂ ಬದಲಾಗಿದೆಯೇ?' ಎಂದು ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಒಂದು ಸಂಖ್ಯೆಯನ್ನು ಉತ್ತರಿಸಿ ಮುಗಿಸುತ್ತದೆ. ಏನೂ ಬದಲಾಗಿಲ್ಲ ಎಂಬುದೇ ಅದರ ಅರ್ಥ. ಬದಲಾಗಿದ್ದರೆ ಮಾತ್ರ 200 ಎಂಬ ಸಂಖ್ಯೆಯ ಜೊತೆ ಪಟ್ಟಿ ಬರುತ್ತದೆ. ಆ್ಯಪ್ ಗುರುತುಗಳನ್ನು ಹೋಲಿಸಿ, ಹೊಸದನ್ನು ಹುಡುಕಿ, ಅದರ ವಿಳಾಸಕ್ಕೆ ಹೋಗಿ ಕಡತವನ್ನು ಇಳಿಸಿಕೊಳ್ಳುತ್ತದೆ. ಮುಳಬಾಗಿಲಿನವಳು ಮಲಗಿದ ಮೇಲೆ ನಡೆದದ್ದು ಇಷ್ಟೇ.

ಕಡತವನ್ನು ತುಂಡಾಗಿ ಕೇಳುವುದಕ್ಕೂ ಅವಕಾಶವಿದೆ. ರೈಲು ಮಾಲೂರು ಬಿಟ್ಟ ಮೇಲೆ ಸಿಗ್ನಲ್ ಹೋಗಿ ಅರ್ಧಕ್ಕೆ ನಿಂತಿತು ಎನ್ನಿ. ಸಿಗ್ನಲ್ ಬಂದಾಗ ಆ್ಯಪ್ ಮೊದಲಿನಿಂದ ಶುರುಮಾಡುವುದಿಲ್ಲ. ಇಷ್ಟನೆಯ ಬೈಟ್‌ನಿಂದ ಮುಂದಕ್ಕೆ ಕೊಡು ಎನ್ನುತ್ತದೆ. ಸರ್ವರ್ 206 ಎಂದು ಹೇಳಿ ಉಳಿದ ಭಾಗವನ್ನಷ್ಟೇ ಕೊಡುತ್ತದೆ. ಕಂತಿನ ನಡುವಿಗೆ ಜಿಗಿದು ಕೇಳಲು ಆಗುವುದೂ ಇದರಿಂದಲೇ. ಈ ಸೌಲಭ್ಯವಿಲ್ಲದ ಅಗ್ಗದ ಸರ್ವರಿನಲ್ಲಿ ಕಡತ ಇಟ್ಟರೆ ಕಂತು ಕೆಲವು ಆ್ಯಪ್‌ಗಳಲ್ಲಿ ನುಡಿಯದೇ ಹೋಗಬಹುದು.

ವಿಡಿಯೊ ಏಕೆ ಬೇರೆ?

ಇದೇ ಪಟ್ಟಿಯಲ್ಲಿ ವಿಡಿಯೊವನ್ನೂ ಲಗತ್ತಿಸಬಹುದು. ಆದರೆ ವಿಡಿಯೊ ದನಿಗಿಂತ ಹತ್ತಾರು ಪಟ್ಟು ಭಾರ. ಒಂದೇ ಗಾತ್ರದ ಕಡತವಿಟ್ಟರೆ ಒಳ್ಳೆಯ ನೆಟ್‌ವರ್ಕ್ ಇದ್ದವರಿಗೆ ಚಿತ್ರ ಮಸುಕು ಎನಿಸುತ್ತದೆ, ಇಲ್ಲದವರಿಗೆ ನಿಂತು ನಿಂತು ಬರುತ್ತದೆ. ಆದ್ದರಿಂದ ದೊಡ್ಡ ವಿಡಿಯೊ ತಾಣಗಳು ಒಂದೇ ವಿಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ತಯಾರಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ಚೂರುಗಳಾಗಿ ಕತ್ತರಿಸಿ ಇಡುತ್ತವೆ. ಫೋನ್ ಒಂದು ಚೂರು ತಂದುಕೊಂಡು, ಅದು ಎಷ್ಟು ಬೇಗ ಬಂತು ಎಂದು ನೋಡಿ, ಮುಂದಿನದನ್ನು ಯಾವ ಗುಣಮಟ್ಟದಲ್ಲಿ ತರುವುದೆಂದು ಲೆಕ್ಕ ಹಾಕುತ್ತದೆ. ನೋಡುತ್ತಿದ್ದಂತೆ ಚಿತ್ರ ಮಂಜಾಗಿ ಮತ್ತೆ ತಿಳಿಯಾಗುವುದು ಇದರಿಂದ.

ಇಷ್ಟೆಲ್ಲವನ್ನು ಒಬ್ಬರೇ ತಮ್ಮ ಸರ್ವರಿನಲ್ಲಿ ಮಾಡುವುದು ದುಬಾರಿ. ಹಾಗಾಗಿ ಹೆಚ್ಚಿನವರು ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿ, ತಮ್ಮ ವೆಬ್‌ಸೈಟಿನ ಪುಟದಲ್ಲಿ ಅದರ ಕಿಟಕಿಯನ್ನು ಮಾತ್ರ ಇಡುತ್ತಾರೆ. ಅದು ಸರಿಯಾದ ದಾರಿಯೇ. ಆದರೆ ಅಲ್ಲಿ ಚಂದಾದಾರರ ಲೆಕ್ಕದ ಪುಸ್ತಕ ಕಂಪನಿಯದು. ಚಂದಾದಾರರ ಮುಖಪುಟದಲ್ಲಿ ಯಾವ ವಿಡಿಯೊ ಮೇಲಿರಬೇಕು ಎಂಬುದನ್ನು ಕಂಪನಿಯ ಲೆಕ್ಕಾಚಾರ ನಿರ್ಧರಿಸುತ್ತದೆ. ಕಂತುಪಟ್ಟಿಯಲ್ಲಿ ಅಂಥ ನಡುವಿನವರು ಇಲ್ಲ. ಫಾಲೋ ಮಾಡಿದವರಿಗೆ ಪ್ರತಿ ಕಂತೂ ಬರುತ್ತದೆ.

ವಿಳಾಸ ಯಾರದು?

ನಮ್ಮನ್ನು ಮತ್ತೆ ಹುಡುಕಿ ಬರಲು ಕೇಳುಗರ ಆ್ಯಪ್ ನೆಚ್ಚಿಕೊಂಡಿರುವುದು ಒಂದೇ ಒಂದು ಸಂಗತಿಯನ್ನು: ಕಂತುಪಟ್ಟಿಯ ವಿಳಾಸ. ಆ ವಿಳಾಸ ನಮ್ಮ ಸ್ವಂತ ಡೊಮೈನ್ ಹೆಸರಿನಡಿ ಇದ್ದರೆ ದನಿಯ ಕಡತಗಳನ್ನು ಇಂದು ಒಂದು ಕಂಪನಿಯ ಸರ್ವರಿನಲ್ಲಿ, ನಾಳೆ ಇನ್ನೊಂದರಲ್ಲಿ ಇಡಬಹುದು. ಪಟ್ಟಿಯಲ್ಲಿ ಹೊಸ ಜಾಗ ಬರೆದರೆ ಸಾಕು, ಕೇಳುಗರಿಗೆ ಬದಲಾವಣೆ ತಿಳಿಯುವುದೇ ಇಲ್ಲ. ಪಟ್ಟಿಯ ವಿಳಾಸವೇ ಬದಲಾಗಬೇಕಾದರೆ ಹಳೆಯ ಜಾಗದಲ್ಲಿ 301 ಎಂಬ ಉತ್ತರ ಇಟ್ಟುಬರಬೇಕು. ಇಲ್ಲಿಂದ ಶಾಶ್ವತವಾಗಿ ಎದ್ದು ಹೋಗಿದ್ದೇವೆ, ಹೊಸ ವಿಳಾಸ ಇದು ಎಂದು ಅದು ಬಂದವರಿಗೆಲ್ಲ ಹೇಳುತ್ತದೆ. ವಿಳಾಸ ಬೇರೆಯವರದಾದರೆ, ಅವರು ಅಂಗಡಿ ಮುಚ್ಚಿದ ದಿನ ವರ್ಷಗಳಿಂದ ಜೊತೆಗಿದ್ದ ಕೇಳುಗರೂ ಹೋಗುತ್ತಾರೆ. ಅವರನ್ನು ಹುಡುಕಲು ನಮ್ಮ ಹತ್ತಿರ ಹೆಸರಿಲ್ಲ, ನಂಬರಿಲ್ಲ. ಡೊಮೈನ್‌ನ ವರ್ಷದ ಶುಲ್ಕ ಕಟ್ಟುವುದನ್ನು ಮರೆತರೂ ಇದೇ ಗತಿ.

ಮೊದಲ ಕಂತು ಏರಿಸುವವರು ಗಮನಿಸಬೇಕಾದ ಇನ್ನು ಕೆಲವು ಸಂಗತಿಗಳೂ ಈ ವಿವರಗಳಿಂದಲೇ ಹುಟ್ಟುತ್ತವೆ. ಶೀರ್ಷಿಕೆ ಮತ್ತು ವಿವರಣೆಯನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿ ಅಂಟಿಸಿದರೆ ಕೇಳುಗರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತದ ಹೆಸರಿನಲ್ಲಿ ಮಾತ್ರ ಇಂಗ್ಲಿಷ್ ಸಣ್ಣಕ್ಷರ, ಅಂಕಿಗಳಿದ್ದು ನಡುವೆ ಖಾಲಿ ಜಾಗ ಇಲ್ಲದಿರುವುದು ಕ್ಷೇಮ. ಮುಖಚಿತ್ರ 1400ರಿಂದ 3000 ಪಿಕ್ಸೆಲ್ ಅಳತೆಯ ಚೌಕವಾಗಿರಬೇಕು. ಪಾಡ್‌ಕಾಸ್ಟ್‌ಗಳನ್ನು ಪಟ್ಟಿಮಾಡುವ ಆ್ಯಪಲ್, ಸ್ಪಾಟಿಫೈಗಳಂಥ ಕೋಶಗಳಿಗೆ ಪಟ್ಟಿಯ ವಿಳಾಸವನ್ನು ಒಮ್ಮೆ ಕೊಟ್ಟರೆ ಮುಗಿಯಿತು, ಮುಂದಿನ ಕಂತುಗಳನ್ನು ಅವು ತಾವಾಗಿ ಕಂಡುಕೊಳ್ಳುತ್ತವೆ. ಖಾಲಿ ಪಟ್ಟಿಯನ್ನು ಒಪ್ಪುವುದಿಲ್ಲವಾದ್ದರಿಂದ ಒಂದು ಕಂತಾದರೂ ಒಳಗಿರಬೇಕು. ಮಾತುಕತೆಯ ಬರಹರೂಪವನ್ನೂ ಪುಟದಲ್ಲಿ ಇಟ್ಟರೆ ಕಿವಿ ಕೇಳದವರು ಓದಬಹುದು. ಹುಡುಕುಯಂತ್ರಗಳು ಓದುವುದೂ ಅಕ್ಷರವನ್ನೇ. 'ನೀರುಗಂಟಿ' ಎಂದು ಯಾರಾದರೂ ಹುಡುಕಿದಾಗ ಅವರನ್ನು ಈ ಪುಟಕ್ಕೆ ಕರೆತರುವುದು ಆ ಬರಹ.

ತಡವಾಗಿ ಬರುವವರಿಗಾಗಿ

ಕಂತುಪಟ್ಟಿ ಎಲ್ಲವನ್ನೂ ಬಗೆಹರಿಸುವುದಿಲ್ಲ. ಅದು ಬಂದವರಿಗೆ ತಪ್ಪದೆ ತಲುಪಿಸುತ್ತದೆ, ಬರುವಂತೆ ಮಾಡುವುದು ಅದರ ಕೈಯಲ್ಲಿಲ್ಲ. ಅದಕ್ಕೆ ಸ್ಮಾರ್ಟ್‌ಫೋನೂ ಡೇಟಾವೂ ಬೇಕು, ಬಾನುಲಿಗೆ ಒಂದು ಅಗ್ಗದ ಪೆಟ್ಟಿಗೆ ಸಾಕು. ಕೆಲಸ ಮಾಡುತ್ತಲೇ ಕೇಳುವ ಊರಿನ ಹಿರಿಯರಿಗೆ ಇವತ್ತಿಗೂ ಎಫ್.ಎಂ. ಹತ್ತಿರ. ಆದ್ದರಿಂದ ಬೂದಿಕೋಟೆಯಲ್ಲಿ ಶುರುವಾದಂಥ ಪ್ರಯತ್ನಗಳು ಪಾಡ್‌ಕಾಸ್ಟ್ ಬಂತೆಂದು ಹಳತಾಗಬೇಕಿಲ್ಲ. ಊರಲ್ಲಿರುವವರಿಗೆ ಆ ಹೊತ್ತಿನ ಪ್ರಸಾರ, ಊರು ಬಿಟ್ಟವರಿಗೆ ಕಂತುಪಟ್ಟಿ, ಹೀಗೆ ಒಂದೇ ಮುದ್ರಣ ಎರಡೂ ದಾರಿಯಲ್ಲಿ ಹೋಗಬಹುದು.

ಈ ಎರಡು ದಾರಿಗಳ ಮುಖ್ಯ ವ್ಯತ್ಯಾಸ ಮೊದಲ ಕಂತಿನ ವಿಷಯದಲ್ಲಿ ಎದ್ದು ಕಾಣುತ್ತದೆ. ಪ್ರಸಾರದಲ್ಲಿ ಮೊದಲ ದಿನ ಕೇಳುಗರು ಇಲ್ಲದಿದ್ದರೆ ಆ ಕಾರ್ಯಕ್ರಮ ಕಳೆದುಹೋಯಿತು. ಕಂತುಪಟ್ಟಿಯಲ್ಲಿ ಹಾಗಾಗುವುದಿಲ್ಲ. ಹತ್ತನೆಯ ಕಂತಿನಲ್ಲಿ ಜೊತೆಯಾದವರು ಹಿಂದಕ್ಕೆ ಹೋಗಿ ಮೊದಲನೆಯದನ್ನು ಕೇಳಬಹುದು. ಅದು ಅದೇ ಗುರುತಿನೊಡನೆ ಅದೇ ಪಟ್ಟಿಯಲ್ಲಿ ಇರುತ್ತದೆ. ಹಾಗಾಗಿ ಮೊದಲ ವಾರದ ಎಣಿಕೆ ನೋಡಿ ಕಂತನ್ನು ಅಳಿಸಬಾರದು.

ಮಾತಾಡುವ ರೀತಿಯೂ ಇದಕ್ಕೆ ಹೊಂದಿಕೊಳ್ಳಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದಕ್ಕೆ ಮೊದಲು ಕೆರೆ ಹೇಗಿತ್ತು, ತೂಬಿನ ನೀರನ್ನು ಯಾರು ಹಂಚುತ್ತಿದ್ದರು ಎಂದು ಮುಂದೊಂದು ದಿನ ತಿಳಿಯಬಯಸುವವರು ಈಗ ಶಾಲೆಯಲ್ಲಿರುವ ಮಕ್ಕಳು. 'ಮೊನ್ನೆ', 'ಹೋದ ವರ್ಷ' ಎಂದರೆ ಅವರಿಗೆ ಯಾವ ವರ್ಷವೆಂದು ತಿಳಿಯದು. ಆದ್ದರಿಂದ ಮೊದಲ ಕಂತಿನಲ್ಲೇ ಇಸವಿ ಹೇಳಿ, ಊರು ಮತ್ತು ಹೋಬಳಿಯ ಹೆಸರು ಹೇಳಿ, ಕೆರೆಯ ಹೆಸರು ಹೇಳಿ, ನೀರುಗಂಟಿಯ ಕೆಲಸ ಏನೆಂಬುದನ್ನು ಅವರ ಬಾಯಿಂದಲೇ ಬಿಡಿಸಿ ಹೇಳಿಸಿ. ಆಮೇಲೆ ಕಡತ ಏರಿಸಿ, ಪಟ್ಟಿಗೆ ಸೇರಿಸಿ, ಎರಡನೆಯ ಕಂತಿನ ಕೆಲಸಕ್ಕೆ ಹೊರಡಿ. ಕೇಳುಗರು ತಮ್ಮ ಹೊತ್ತಿಗೆ ಬರುತ್ತಾರೆ.